ರಾಷ್ಟ್ರಪತಿಯ ಜಾಗಕ್ಕೆ ಯಾರು

ತೊಯ್ದ ಕಂಬಳಿಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ಸಿಟ್ಟೇ ಬರುತ್ತದೆ.

ಮೂಡಲಗಿ ಬಾಜೂಕಿನ ನಮ್ಮೂರ ಸಾಲಿಯಲ್ಲಿ ಅಂದು ಮಧ್ಯಾಹ್ನ ರಾಷ್ಟ್ರಪತಿಯ ಪಾಠ ನಡೆದಿತ್ತು. ಕುರಿ ಕಾಯಲು ನನಗೆ ಎರಡು ದಿನ ಸೂಟಿ ಕೇಳಬೇಕೆಂದು ಅಪ್ಪ ಮಳೆಯಲ್ಲಿ ನೆನೆದು ಬಂದು, ಹೆಗಲ ಮೇಲೆ ನೀರಿಳಿಯುವ ಕಂಬಳಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ.

"ರಾಷ್ಟ್ರಪತಿ ತೀರಿಕೊಂಡ್ರ ಅವರ ಜಾಗಾಕ್ಕ ಯಾರ ಬರ್ತಾರ?" ಎಂದು ಮಾಸ್ತರರು ಕೇಳಿದರು. ನಾನು ಕೈ ಎತ್ತಿದೆ. ಎತ್ತಿದವನು ನಾನೊಬ್ಬನೇ.

"ಅದೆಲ್ಲಾ ನಿನಗ್ಯಾಕೋ? ನಿಮ್ಮಪ್ಪನ ಜಾಗಾಕ್ಕ ಕುರಿ ಹಿಂದ ಯಾರ ಹೋಗ್ತಾರ, ಅದನ್ನ ಹೇಳು."

ಸಾಲಿಯೆಲ್ಲ ನಕ್ಕಿತು. ಅಪ್ಪ ನಗಲಿಲ್ಲ.

"ಮಾಸ್ತರ, ರಾಷ್ಟ್ರಪತಿ ಆಗಾಕ ಎಷ್ಟನೇ ಕ್ಲಾಸ ಕಲ್ತಿರಬೇಕ್ರಿ?"

ಮಾಸ್ತರರು ಪುಸ್ತಕದ ಹಾಳೆ ತಿರುವಿ ನೋಡಿದರು. "ಈ ದೇಶದವ ಆಗಿರಬೇಕು, ಮೂವತ್ತೈದು ತುಂಬಿರಬೇಕು. ಸಾಲೀದು ಏನೂ ಬರದಿಲ್ಲ."

"ಹಂಗಾರ ಇವಂಗ ಇಲ್ಲೇನ ಕೆಲಸ್ರಿ?"

ಎರಡು ದಿನದ ಸೂಟಿ ಕೇಳಲು ಬಂದವನು ನನ್ನ ರಟ್ಟೆ ಹಿಡಿದು, ಪಾಟಿಚೀಲವನ್ನೂ ಬಿಟ್ಟು, ಹೊರಗೆ ಎಳೆದುಕೊಂಡು ನಡೆದ. ಮತ್ತೆ ನಾನು ಆ ಬಾಗಿಲು ತುಳಿಯಲಿಲ್ಲ. ಹೊಸ್ತಿಲು ದಾಟುವಾಗಲೂ ನನ್ನ ಇನ್ನೊಂದು ಕೈ ಮೇಲೆಯೇ ಇತ್ತು. ಉಪರಾಷ್ಟ್ರಪತಿ ಎಂಬ ಉತ್ತರ ನನಗೆ ಗೊತ್ತಿತ್ತು.