ಡಬ್ಬಿ ಸಾಹೇಬರ ತಪಾಸಣೆ

"ದೀಪ ಹಚ್ಚೋನಿಗೆ ನಮ್ಮ ನೆಂಟರ ನಂಬರೆಲ್ಲ ಯಾಕಂತೆ?"

ಸಾಹೇಬರು ಗುಡುಗಿದ್ದು ಮೊಬೈಲಿನ ಟಾರ್ಚ್ ಆ್ಯಪಿನ ಮೇಲೆ. ಬಟ್ಟೆ ಗಿರಣಿಯ ಗೇಟನ್ನು ಮೂವತ್ತೆರಡು ವರ್ಷ ಕಾದವರು ಅವರು. ಪಾಳಿ ಮುಗಿಸಿ ಹೊರಟ ಪ್ರತಿಯೊಬ್ಬರ ಊಟದ ಡಬ್ಬಿಯನ್ನೂ ತೆರೆಸಿ ನೋಡುತ್ತಿದ್ದರಿಂದ ಕೆಲಸಗಾರರು ಬೆನ್ನ ಹಿಂದೆ ಡಬ್ಬಿ ಸಾಹೇಬ ಎನ್ನುತ್ತಿದ್ದರು. ನಿವೃತ್ತಿಯಾದರೂ ಮಗ್ಗಗಳ ಸದ್ದಿಗೆ ಏರಿದ ಗಂಟಲು ಇಳಿದಿರಲಿಲ್ಲ, ಅನುಮಾನವಂತೂ ಇಳಿಯುವ ಮಾತೇ ಇರಲಿಲ್ಲ. ಫೋನು ಮನೆಮಂದಿಯ ಮಾತನ್ನೆಲ್ಲ ಕದ್ದು ಕೇಳುತ್ತದೆ ಎಂದು ನಿನ್ನೆ ಕ್ಷೌರದಂಗಡಿಯಲ್ಲಿ ಯಾರೋ ಹೇಳಿದ್ದೇ ಸಾಕಾಯಿತು. ಎರಡು ತಿಂಗಳ ಹಿಂದೆ ಹೊಸ ಫೋನಿನ ಪೆಟ್ಟಿಗೆಯ ಸೀಲನ್ನು ಒಡೆದದ್ದು ತಾವೇ. ಆಗಲೇ ಒಳಗೆ ಮೂವತ್ತು ಆ್ಯಪ್‌ಗಳು ಕಾಲು ಚಾಚಿ ಕೂತಿದ್ದವಲ್ಲ, ಪಾಸಿಲ್ಲದೆ ಇವರನ್ನೆಲ್ಲ ಒಳಗೆ ಬಿಟ್ಟವರು ಯಾರು?

ಬೆಳಗಿನಿಂದ ಅದೇ ವಿಚಾರಣೆ. ತೊಡೆಯ ಮೇಲೆ ಉದ್ದನೆಯ ನೋಟ್‌ಬುಕ್, ಅದರಲ್ಲಿ ಹೆಸರು, ಬಂದ ಕಾರಣ, ಏನೇನು ಕೇಳುತ್ತಾನೆ ಎಂದು ಗೆರೆ ಹೊಡೆದ ಮೂರು ಸಾಲು. ಟಾರ್ಚನ್ನು ಕಿತ್ತು ಹಾಕಿದ್ದಾಯಿತು. ಮಿಠಾಯಿ ಒಡೆಯುವ ಆಟವೂ ಹೋಯಿತು. ಮೋಡ ಬಿಸಿಲು ಹೇಳುವವನು ಮನೆಯ ಫೋಟೋಗಳನ್ನೆಲ್ಲ ನೋಡಬೇಕೆಂದ. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತ ಅವನನ್ನೂ ಅಟ್ಟಿದರು.

ಎದುರಿಗೆ ಬೀನ್ಸ್ ಬಿಡಿಸುತ್ತಿದ್ದ ಹೆಂಡತಿ ಅವರ ಮುಖವನ್ನೇ ನೋಡುತ್ತಿದ್ದಳು. "ಬಿಡ್ರೀ, ಪಾಪ. ಅವೂ ಹೊಟ್ಟೆಪಾಡಿಗೆ ಬಂದಿರ್ತವೆ."

"ಪಾಪ ಅಂತ ಬಿಟ್ಟಿದ್ರೆ ಗಿರಣಿ ಉಳೀತಿತ್ತೇನೇ? ನಿನ್ನ ಪಕ್ಕದ ಮಗ್ಗದವಳನ್ನ ಹಿಡಿದವನು ಯಾರು? ನಾನು!"

ಆ ಕತೆ ಬೀದಿಯವರಿಗೆಲ್ಲ ಬಾಯಿಪಾಠ. ಖಾಲಿ ಡಬ್ಬಿಯ ತಳದಲ್ಲಿ ಮಡಿಸಿಟ್ಟ ಮೊಳದುದ್ದ ಬಟ್ಟೆ, ಮಗುವಿನ ಅಂಗಿಗೆ ಎಂದು ಅವಳು ಕಾಲಿಗೆ ಬಿದ್ದದ್ದು, ಅಂದೇ ಸಂಜೆ ಅವಳ ಕೆಲಸ ಹೋದದ್ದು. ಸಾಹೇಬರ ಹೆಂಡತಿಯೂ ಆಗ ಅದೇ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದಳು, ಇಬ್ಬರೂ ಜೀವದ ಗೆಳತಿಯರು. ಈ ಕತೆ ಶುರುವಾದಾಗೆಲ್ಲ ಆಕೆಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಈಗಲೂ ತಟ್ಟೆ ಎತ್ತಿಕೊಂಡು ಹೋದಳು.

ಹದಿನೇಳನೆಯವನ ಹತ್ತಿರ ಸಾಹೇಬರ ಬೆರಳು ನಿಂತಿತು. ಕಿವಿಯ ಚಿತ್ರವಿದ್ದ ಆ್ಯಪು. ತಾವು ಒಮ್ಮೆಯೂ ಮುಟ್ಟಿದ್ದಲ್ಲ. ಮೈಕು ಬಳಸಿದವರ ಪಟ್ಟಿಯಲ್ಲಿ ಅದರದೊಂದೇ ಹೆಸರು. ನಿನ್ನೆ ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಅರ್ಧ ಗಂಟೆ. ಮೊನ್ನೆಯೂ ಅಷ್ಟೇ, ಆಚೆ ಮೊನ್ನೆಯೂ ಅಷ್ಟೇ. ಅದು ಅವರು ಊಟ ಮುಗಿಸಿ ಮಲಗುವ ಹೊತ್ತು! ತೆಗೆದುಹಾಕೋಣವೆಂದರೆ ಅದು ಕಂಪನಿಯೇ ಕೂರಿಸಿ ಕಳಿಸಿದ ಆಸಾಮಿ, ಏಳುವುದಿಲ್ಲ. ಸುಮ್ಮನಾಗಿಸಬಹುದು, ಅಷ್ಟೇ. ಅದಕ್ಕೂ ಸಾಹೇಬರು ಕೈ ಹಾಕಲಿಲ್ಲ. ಕಳ್ಳ ಸಿಗಬೇಕೆಂದರೆ ಬಾಗಿಲನ್ನು ಮುಚ್ಚಬಾರದು, ತೆರೆದಿಟ್ಟು ಪಕ್ಕದಲ್ಲಿ ನಿಲ್ಲಬೇಕು.

ಊಟವಾಯಿತು. ಫೋನನ್ನು ಎಂದಿನಂತೆ ಕಪಾಟಿನ ಮೇಲಿಟ್ಟು ಮಂಚದಲ್ಲಿ ಕಣ್ಣು ಮುಚ್ಚಿ, ಮುಚ್ಚಿದಂತೆ ಮಾಡಿ, ಮಲಗಿದರು. ಎರಡೂ ಮುಕ್ಕಾಲಾಗಿರಬೇಕು, ಹೆಜ್ಜೆ ಸಪ್ಪಳ ಕೇಳಿಸಿತು. ರೆಪ್ಪೆಯ ಸಂದಿಯಿಂದ ನೋಡುತ್ತಾರೆ, ಹೆಂಡತಿ! ಫೋನನ್ನು ತೆಗೆದುಕೊಂಡಳು. ಸೆರಗಿನ ಮರೆಯಿಂದ ಇಯರ್‌ಫೋನ್ ತೆಗೆದು ಚುಚ್ಚಿ ಕಿವಿಗಿಟ್ಟುಕೊಂಡಳು. ಸ್ಟೂಲ್ ಎಳೆದು ಕೂತು, ಫೋನನ್ನು ಮೆಲ್ಲಗೆ ಅವರ ದಿಂಬಿನ ಮೇಲೆ, ಬಾಯಿಯ ಹತ್ತಿರ ಇಟ್ಟಳು.

"ಯಾರಿಗೆ ಕೇಳಿಸ್ತಿದ್ದೀಯೇ? ಯಾರವರು?"

ಸಾಹೇಬರು ಎದ್ದು ಕೂತ ರಭಸಕ್ಕಲ್ಲ, ಆ ಗಂಟಲಿಗೆ ಆಕೆ ಚೀರಿ ಇಯರ್‌ಫೋನನ್ನು ಕಿತ್ತೆಸೆದಳು. ಎರಡು ಕಿವಿಗಳನ್ನೂ ಒತ್ತಿ ಹಿಡಿದಳು. ಆಮೇಲೆ ಹೇಳಿದಳು. "ಯಾರಿಗೂ ಇಲ್ಲ. ನನಗೇ. ನನ್ನ ಕಿವಿ ಮಂದವಾಗಿ ವರ್ಷವಾಯ್ತು. ಮಗ್ಗದ ಸದ್ದು ತಿಂದು ಹಾಕಿದೆ ಅಂದ್ರು ಡಾಕ್ಟ್ರು. ಫೋನಲ್ಲೇ ಇಂಥದ್ದೊಂದು ಬಂದಿರುತ್ತೆ, ಹತ್ತಿರದ ಮಾತನ್ನ ದೊಡ್ಡದು ಮಾಡಿ ಕೇಳಿಸುತ್ತೆ ಅಂತ ಅವರೇ ತೋರಿಸಿಕೊಟ್ರು."

"ನನಗೆ ಹೇಳಬಾರದಾ?"

"ನಿಮಗೆ ಹೇಳಿದ್ರೆ ನಾಲ್ಕು ಬೀದಿಗೆ ಹೇಳಿದ ಹಾಗೆ. ಹಗಲೆಲ್ಲ ಆ ಗಂಟಲಿಗೆ ನಿಮ್ಮ ಮಾತು ನನಗೆ ಬರೀ ಕಿವಿಗೇ ಕೇಳಿಸುತ್ತೆ ಬಿಡಿ. ಆದ್ರೆ ನಿದ್ದೇಲಿ ನಿಮ್ಮ ತುಟಿ ಆಡ್ತಿತ್ತು. ದಿನಾ. ಏನಂತ ತಿಳೀತಿರಲಿಲ್ಲ."

ಮೂವತ್ತೆರಡು ವರ್ಷ ಎಲ್ಲರ ಡಬ್ಬಿ ತೆರೆಸಿದವರಿಗೆ ತಮ್ಮದನ್ನು ಯಾರೋ ತೆರೆದು ನೋಡಿದಂತಾಗಿ ನಿಜವಾಗಿಯೂ ಹೆದರಿಕೆಯಾಯಿತು. "ಏನು... ಏನು ಹೇಳ್ತೀನಿ?"

ದನಿ ಎಷ್ಟು ಸಣ್ಣಗಿತ್ತೆಂದರೆ ಆಕೆಗೆ ಕೇಳಿಸಲಿಲ್ಲ. ಇಯರ್‌ಫೋನನ್ನು ಮತ್ತೆ ಕಿವಿಗಿಟ್ಟುಕೊಂಡು, ಫೋನನ್ನು ಅವರ ಬಾಯಿಯ ಹತ್ತಿರ ಹಿಡಿದಳು. "ಇನ್ನೊಂದ್ಸಲ ಹೇಳಿ."

"ನಿದ್ದೇಲಿ ಏನು ಹೇಳ್ತೀನಿ?"

"ಡಬ್ಬಿ ಮುಚ್ಚು ತಾಯಿ, ಹೋಗು, ನಾನೇನೂ ನೋಡಿಲ್ಲ ಅಂತೀರಿ."

ಸಾಹೇಬರು ತಲೆ ತಗ್ಗಿಸಿದರು. ಫೋನನ್ನು ಆಕೆ ಅವರ ಬಾಯಿಯ ಹತ್ತಿರದಿಂದ ತೆಗೆಯಲಿಲ್ಲ.