ಉಜ್ಜನಪ್ಪನ ಬಲಭುಜ

"ತಾಗಲಿಲ್ಲ! ನೋಡು ಜಯಮ್ಮ, ಭುಜ ತಾಗಲಿಲ್ಲ!" ಮಲವಗೊಪ್ಪದ ಹಳೆಯ ಪೈಲ್ವಾನ್ ಉಜ್ಜನಪ್ಪ ಮೇಜು ಗುದ್ದಿದ ರಭಸಕ್ಕೆ ಅಲ್ಲಿದ್ದ ಅರೆಬರೆ ಹಲ್ಲಿನ ಸೆಟ್ಟುಗಳೆಲ್ಲ ಕಟಕಟ ಎಂದವು.

ದುರ್ಗಿಗುಡಿಯಲ್ಲಿ ಹಲ್ಲಿನ ಸೆಟ್ ಮಾಡುವ ಜಯಾ, ಆ ಸೆಟ್ ಉಜ್ಜುವ ಪುಟ್ಟ ಮಿಷನ್‌ನಿಂದಲೇ ಅವನಿಗೆ ಎರಡು ಕುಸ್ತಿ ಗೊಂಬೆ ಮಾಡಿಕೊಟ್ಟಿದ್ದಳು. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಹೀರೋಗಳನ್ನು ತಂದು, ಕೀಲು ಕತ್ತರಿಸಿ, ಹೊಸ ಗುಳಿ ಕೊರೆದು, ಕೈ ಕಾಲು ಕುತ್ತಿಗೆ ಎಲ್ಲ ತಿರುಗುವ ಹಾಗೆ ಕೂರಿಸಿದ್ದಳು. "ಇವನೇನಮ್ಮ ಊಟ ಕಾಣದೋನ ಥರ ಇದ್ದಾನೆ, ಪೈಲ್ವಾನಿಗೆ ಹೊಟ್ಟೆ ಬೇಡ್ವಾ?" ಎಂದು ಉಜ್ಜನಪ್ಪ ತಕರಾರು ತೆಗೆದಾಗ ಎಂ-ಸೀಲ್ ಅಂಟು ಮೆತ್ತಿ ಹೊಟ್ಟೆಯನ್ನೂ ಬರಿಸಿದ್ದಳು. ಮಿಷನ್ ಜೋರಾಗಿ ಬಿಟ್ಟರೆ ಪ್ಲಾಸ್ಟಿಕ್ ಕರಗುತ್ತದೆ, ನಿಧಾನಕ್ಕೆ ಬಿಟ್ಟರೆ ಮಾತ್ರ ಕೊರೆಯುತ್ತದೆ. ಅದು ಗೊತ್ತಿರುವವಳು ಜಿಲ್ಲೆಗೆ ತಾನೊಬ್ಬಳೇ ಎಂಬ ಜಂಬ ಅವಳಿಗಿತ್ತು. ಇರಲಿ, ಕೆಲಸ ಬಲ್ಲವರ ಜಂಬ ನೋಡುವುದಕ್ಕೂ ಚೆಂದ.

ಎಪ್ಪತ್ತಾರನೇ ಇಸವಿಯ ಕುಸ್ತಿಯಲ್ಲಿ ಭದ್ರಾವತಿಯ ಮಾರಪ್ಪ ಉಜ್ಜನಪ್ಪನನ್ನು ಕೆಡವಿದ್ದ. ಎರಡೂ ಭುಜ ಮಣ್ಣಿಗೆ ತಾಗಿದರೆ ಸೋಲು. ಎಡಭುಜ ತಾಗಿದ್ದು ನಿಜ, ಆದರೆ ಬಲಗೈ ಬೆನ್ನಡಿ ಸಿಕ್ಕಿಕೊಂಡಿತ್ತು, ಆ ಭುಜ ತಾಗಲೇ ಇಲ್ಲ, ತೀರ್ಪುಗಾರ ಆ ಕಡೆ ನೋಡಲೂ ಇಲ್ಲ ಎಂದು ಉಜ್ಜನಪ್ಪ ಇಪ್ಪತ್ತೇಳು ವರ್ಷದಿಂದ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಮಾರಪ್ಪನ ಜೊತೆ ಮಾತು ಬಿಟ್ಟೂ ಅಷ್ಟೇ ವರ್ಷವಾಗಿತ್ತು. ಈಗ ಅದೇ ಪಟ್ಟಿನಲ್ಲಿ ಗೊಂಬೆಗಳನ್ನು ಮಲಗಿಸಿದರೆ, ಉಜ್ಜನಪ್ಪನ ಗೊಂಬೆಯ ಬಲಭುಜ ಮೇಜಿನಿಂದ ಅಕ್ಕಿಕಾಳಿನಷ್ಟು ಮೇಲೆಯೇ ನಿಂತಿತ್ತು.

ಮರುದಿನ ಜಯಾಳೇ ಫೋನ್ ಮಾಡಿ ಮಾರಪ್ಪನನ್ನು ಕರೆಸಿದಳು. ಅವನು ಬಸ್ಸಿಳಿದು ಬಂದವನು ಉಜ್ಜನಪ್ಪನ ಮುಖ ನೋಡದೆ ಗೊಂಬೆಗಳ ಮೇಲೆ ಬಗ್ಗಿದ. ತನ್ನ ಗೊಂಬೆಯ ಹಿಡಿತ ನೋಡಿ ತಲೆದೂಗಿದ. ಆಮೇಲೆ ಇನ್ನೊಂದರ ಬಲಗೈ ಹಿಡಿದು ತಿರುಗಿಸಿದ.

"ಇದು ಯಾರ ಭುಜ?"

"ಅವರದ್ದೇ. ಕೈ ಎತ್ತಿಸಿ, ತಿರುಗಿಸಿ, ಅಳತೆ ತಗೊಂಡೇ ಮಾಡಿದೀನಿ," ಎಂದಳು ಜಯಾ.

"ಅಳತೆ ತಗೊಂಡಿದ್ದು ಯಾವಾಗ?"

"ಹೋದ ತಿಂಗಳು."

"ಅದೇ ಮತ್ತೆ! ಇದು ಅರವತ್ತು ದಾಟಿದ ಮುದುಕನ ಭುಜ ಮಾರಾಯ್ತಿ. ಅವತ್ತು ಇವನ ಭುಜ ಹೆಂಗೆ ಬೇಕಾದ್ರೂ ತಿರುಗೋದು. ಎಂಥಾ ಪಟ್ಟು ಹಾಕಿದ್ರೂ ಹಾವಿನ ಹಂಗೆ ಜಾರ್ಕೊಳ್ಳೋನು. ಅಂಥಾ ಭುಜ ಈ ಜಿಲ್ಲೇಲಿ ಇನ್ನೊಬ್ಬನಿಗೆ ನಾನು ಕಂಡಿಲ್ಲ."

ಜಯಾಳ ಜಂಬ ಒಂದು ಗಳಿಗೆ ಇಳಿಯಿತು. ಒಂದೇ ಗಳಿಗೆ. ಮಿಷನ್ ಕೈಗೆತ್ತಿಕೊಂಡು ಕೇಳಿದಳು: "ಗುಳಿ ಇನ್ನಷ್ಟು ಕೊರೆದ್ರೆ ಭುಜ ಸಡಿಲ ಆಗುತ್ತೆ. ಆಗ ಕೆಳಗೆ ತಾಗುತ್ತೆ. ಹೇಳಿ ಉಜ್ಜನಪ್ಪನವರೇ, ಹಿಂಗೇ ಬಿಡ್ಲಾ, ಕೊರೀಲಾ?"

ಉಜ್ಜನಪ್ಪ ತನ್ನ ಬಲಭುಜ ತಿರುಗಿಸಲು ನೋಡಿದ, ಅದು ಅರ್ಧಕ್ಕೇ ನಿಂತಿತು. ಹೀಗೇ ಬಿಟ್ಟರೆ ಇಪ್ಪತ್ತೇಳು ವರ್ಷದ ವಾದ ಗೆದ್ದಂತೆ. ಆದರೆ ಗೆದ್ದದ್ದು ಈ ಮುದಿ ಭುಜ, ಅವತ್ತಿನದ್ದಲ್ಲ. ಅವತ್ತಿನದ್ದನ್ನು ಬಾಯಿತುಂಬ ಹೊಗಳಿದವನೂ ಬೇರೆ ಯಾರೂ ಅಲ್ಲ, ಮಾರಪ್ಪ.

"ಕೊರಿ," ಎಂದ.

ಮಿಷನ್ ಗುಂಯ್ ಎಂದಿತು. ಪ್ಲಾಸ್ಟಿಕ್ಕಿನ ಪುಡಿ ಉದುರಿತು. ಜಯಾ ಗೊಂಬೆಗಳನ್ನು ಮತ್ತೆ ಅದೇ ಪಟ್ಟಿಗೆ ಕೂರಿಸಿದಳು. ಬಲಭುಜ ಮೆಲ್ಲಗೆ ಮೇಜಿಗೆ ತಾಗಿತು. ಮಾರಪ್ಪ ಕಿಟಕಿಯ ಕಡೆ ತಿರುಗಿದ. ಉಜ್ಜನಪ್ಪ ತನ್ನ ಗೊಂಬೆಯನ್ನು ಎತ್ತಿ, ಭುಜ ತಿರುಗಿಸಿ ನೋಡಿ, ಮುಖ ಸಿಂಡರಿಸಿ ಜಯಾಳ ಕೈಗೆ ವಾಪಸ್ ಕೊಟ್ಟ.

"ಇನ್ನೂ ಸ್ವಲ್ಪ ಕೊರಿ ತಾಯಿ. ನಂದು ಇದಕ್ಕಿಂತ ಸಲೀಸಾಗಿ ತಿರುಗೋದು."