ಪಕ್ಕದ ಮನೆಯ ನಲ್ಲಿ

ಹಿಮದ ಗಡಿಯ ಆ ಕ್ವಾರ್ಟರ್ಸಿನಲ್ಲಿ ಹವಾಲ್ದಾರ ಈರಪ್ಪ ಬೆಳಗೆದ್ದ ಕೂಡಲೇ ಕೆಟಲಿನಲ್ಲಿ ನೀರು ಕಾಯಿಸಿಕೊಂಡು ಪಕ್ಕದ ಮನೆಯ ಹಿತ್ತಲಿಗೆ ಹೋಗುತ್ತಿದ್ದ. ಅಲ್ಲಿ ದೇಚಮ್ಮ ಒಬ್ಬಳೇ ಇದ್ದಳು. ಅವಳ ಗಂಡ ಮೇಲಿನ ಠಾಣೆಯಲ್ಲಿದ್ದ. ಅವಳ ಪೈಪಿನಲ್ಲಿ ದಿನಾ ನೀರು ಹೆಪ್ಪುಗಟ್ಟುತ್ತಿತ್ತು. ಈರಪ್ಪ ಬಿಸಿನೀರು ಸುರಿದು ಕರಗಿಸುವನು, ಅವಳು ಚಹಾ ಕೊಡುವಳು, ಇಬ್ಬರೂ ನಗುವರು. ಇತ್ತ ಅಡುಗೆಮನೆಯ ಕಿಟಕಿಯಲ್ಲಿ ಅವನ ಹೆಂಡತಿ ಸುವರ್ಣಾಳ ಹೊಟ್ಟೆ ಉರಿಯುವುದು.

"ನಮ್ಮ ನಲ್ಲಿ ಒಂದಿನಾನೂ ಕಟ್ಟಿಲ್ಲ. ಆಕೀದಷ್ಟ ಯಾಕ ಕಟ್ತೈತಿ?"

"ಆಕಿಗೆ ಈ ಥಂಡಿ ಹೊಸಾದು. ಮಲಗೂ ಮುಂದ ನಲ್ಲಿ ಸಣ್ಣಗ ಬಿಡಾಕ ಮರೀತಾಳ," ಎಂದ ಈರಪ್ಪ.

ಹರಿಯುವ ನೀರು ಹೆಪ್ಪುಗಟ್ಟುವುದಿಲ್ಲ ಎಂಬುದು ಆ ಸಾಲಿನ ಕೂಸಿಗೂ ಗೊತ್ತು. ಇದು ಮರೆವಲ್ಲ, ನಾಟಕ ಎನಿಸಿತು ಸುವರ್ಣಾಳಿಗೆ. ಸೀದಾ ಹೋಗಿ ಕೇಳಿಯೇ ಬಿಟ್ಟಳು.

"ನನ್ನ ಗಂಡನ್ನ ಕರೆಸ್ಕೊಳ್ಳಾಕ ಬೇಕಂತನ ನಲ್ಲಿ ಬಂದ್ ಮಾಡ್ತಿ, ಹೌದಲ್ಲ?"

ದೇಚಮ್ಮನ ಕಣ್ಣು ತುಂಬಿತು. "ದೇವರಾಣೆ ಅಕ್ಕಾ, ದಿನಾ ಸಂಜೆ ಬಿಟ್ಟೇ ಒಳಗೆ ಹೋಗ್ತೀನಿ. ಆದ್ರೂ ಬೆಳಿಗ್ಗೆ ಕಲ್ಲಾಗಿರುತ್ತೆ."

ಸುವರ್ಣಾ ನಂಬಲಿಲ್ಲ. ಅಂದು ಸಂಜೆ ಕಿಟಕಿಯಲ್ಲಿ ಕಾದು ನಿಂತಳು. ದೇಚಮ್ಮ ಹಿತ್ತಲಿಗೆ ಬಂದು, ನಲ್ಲಿಯನ್ನು ನೂಲೆಳೆಯಷ್ಟು ಬಿಟ್ಟು, ಒಳಹೋಗಿ ಬಾಗಿಲು ಹಾಕಿಕೊಂಡಳು.

ಸುವರ್ಣಾಳಿಗೆ ನಾಚಿಕೆಯಾಯಿತು. ಹೋಗಿ ತಪ್ಪಾಯಿತು ಅನ್ನೋಣವೆಂದು ಶಾಲು ಹೊದೆಯುತ್ತಿದ್ದಳು. ಅಷ್ಟರಲ್ಲಿ, ಸೀಮೆಎಣ್ಣೆ ತರುತ್ತೇನೆಂದು ಹೊರಬಿದ್ದಿದ್ದ ಈರಪ್ಪ ಆ ಹಿತ್ತಲಿಗೆ ಬಂದ. ಅತ್ತಿತ್ತ ನೋಡಿ, ದೇಚಮ್ಮನ ನಲ್ಲಿಯನ್ನು ಬಿಗಿಯಾಗಿ ಬಂದ್ ಮಾಡಿದ.